ಆರಡಿ ಕಡಲಿಗೆ ಎಷ್ಟು ನೊರೆ ಬೇಕು?

ಹತ್ತೊಂಬತ್ತು ದಿನ ಆ ಸ್ಕಿಮ್ಮರ್‌ನ ಕಪ್ ಒಣಗೇ ಇತ್ತು. ಮನೆಯಲ್ಲಿ ಕಡಲ ಮೀನು, ಹವಳ ಸಾಕುವ ನನ್ನ ಆರಡಿ ಗಾಜಿನ ಟ್ಯಾಂಕಿನ ನೀರಿನಿಂದ ಕೊಳೆಯನ್ನು ನೊರೆ ಮಾಡಿ ಕಪ್ಪಿಗೆ ತಳ್ಳಬೇಕಾದ ಯಂತ್ರ ಅದು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಕ್ಯಾಬಿನೆಟ್ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡುವುದು, ರಾತ್ರಿ ಮಲಗುವ ಮುಂಚೆ ಇನ್ನೊಮ್ಮೆ ನೋಡುವುದು. ಒಳಗೆ ಗುಳ್ಳೆಗಳು ಹಾಲು ಕುದಿದಂತೆ ಏರುತ್ತಿದ್ದವು, ಕತ್ತಿನವರೆಗೆ ಬರುತ್ತಿದ್ದವು, ಅಲ್ಲಿ ಒಡೆದು ವಾಪಸ್ ಇಳಿಯುತ್ತಿದ್ದವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 2,000 ಲೀಟರ್‌ವರೆಗೆ ಎಂದಿತ್ತು. ನನ್ನ ನೀರು ಅದರ ಅರ್ಧವೂ ಇರಲಿಲ್ಲ. ‘ಇಷ್ಟು ದೊಡ್ಡ ಯಂತ್ರ, ಒಂದು ಚಮಚ ಕೊಳೆ ಕಕ್ಕಲಿಲ್ಲವಲ್ಲೋ’ ಅಂತ ಅಮ್ಮ ದಿನಕ್ಕೊಂದು ಸಲ ಕೇಳುತ್ತಿದ್ದಳು.

ಅಮ್ಮನಿಗೆ ಸ್ಕಿಮ್ಮರ್ ಅಂದರೇನು ಅಂತ ವಿವರಿಸಲು ನನಗೆ ಎರಡು ನಿಮಿಷ ಸಾಕಾಗಿತ್ತು. ನಾವು ಮಂಡ್ಯದ ಕಡೆಯವರು. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಾರೆ, ಕೊಳೆಯೆಲ್ಲ ನೊರೆಯಾಗಿ ಮೇಲೆ ಕಟ್ಟುತ್ತದೆ, ಅದನ್ನು ಉದ್ದ ಹಿಡಿಯ ಜಾಲರಿಯಲ್ಲಿ ಬಾಚಿ ಹೊರಗೆ ಹಾಕುತ್ತಾರೆ. ಇಲ್ಲಿ ಬೆಂಕಿಯ ಬದಲು ಗಾಳಿ, ಅಷ್ಟೇ. ಮೀನಿನ ಹಿಕ್ಕೆ, ಉಳಿದ ಊಟ, ಹವಳಗಳು ಬಿಡುವ ಲೋಳೆ, ಇವೆಲ್ಲ ನೀರಿನಲ್ಲಿ ಕರಗಿ ಪ್ರೋಟೀನು, ಕೊಬ್ಬಿನ ಚೂರುಗಳಾಗಿ ತೇಲುತ್ತಿರುತ್ತವೆ. ಇಂಥ ಕಣಗಳಲ್ಲಿ ಬಹಳಷ್ಟಕ್ಕೆ ಎರಡು ಸ್ವಭಾವ: ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಪಕ್ಕದಲ್ಲಿ ಗಾಳಿಗುಳ್ಳೆಯೊಂದು ಹಾದುಹೋದರೆ ನೀರು ಬೇಡದ ತುದಿ ಗುಳ್ಳೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಸಾವಿರಾರು ಸಣ್ಣ ಗುಳ್ಳೆಗಳನ್ನು ಒಂದು ಕೊಳವೆಯಲ್ಲಿ ಮೇಲಕ್ಕೆ ಹರಿಸಿದರೆ ತುದಿಯಲ್ಲಿ ಗಟ್ಟಿ ನೊರೆ ಕಟ್ಟುತ್ತದೆ, ಕತ್ತು ದಾಟಿ ಕಪ್ಪಿಗೆ ಬೀಳುತ್ತದೆ. ಕೊಳೆಯುವ ಮುಂಚೆಯೇ ಕೊಳೆ ಹೊರಗೆ. ಕೊಳೆತು ನೈಟ್ರೇಟ್ ಆದಮೇಲೆ ಸ್ಕಿಮ್ಮರ್ ಏನೂ ಮಾಡಲಾರದು.

ಸಿಹಿನೀರಿನ ಟ್ಯಾಂಕಿಗೆ ಇದನ್ನು ಯಾಕೆ ಹಾಕುವುದಿಲ್ಲ ಅಂತ ಪಕ್ಕದ ಮನೆಯ ಹುಡುಗ ಕೇಳಿದ್ದ. ಒಳ್ಳೆಯ ಪ್ರಶ್ನೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ತಾಗಿದ ಕೂಡಲೇ ಸೇರಿ ದೊಡ್ಡದಾಗುತ್ತವೆ, ದೊಡ್ಡವು ಬೇಗ ಮೇಲೇರಿ ಒಡೆಯುತ್ತವೆ. ಉಪ್ಪುನೀರಿನಲ್ಲಿ ಹಾಗೆ ಸೇರುವುದಿಲ್ಲ, ಸಾಸಿವೆಗಿಂತ ಸಣ್ಣದಾಗೇ ಉಳಿಯುತ್ತವೆ. ಮಳೆಗಾಲದಲ್ಲಿ ಮಲ್ಪೆಗೋ ಕಾರವಾರಕ್ಕೋ ಹೋದವರು ದಡದಲ್ಲಿ ಗಾಳಿಗೆ ಉರುಳಾಡುವ ಕಂದು ನೊರೆ ನೋಡಿರುತ್ತಾರೆ. ಕಡಲು ತನ್ನ ಸ್ಕಿಮ್ಮರ್ ತಾನೇ ನಡೆಸುವ ಬಗೆ ಅದು.

ನನ್ನ ಹಳೆಯ ಟ್ಯಾಂಕ್ ಮೂರಡಿಯದು, ಹಿಂಬದಿಗೆ ನೇತುಹಾಕುವ ಪುಟ್ಟ ಸ್ಕಿಮ್ಮರ್ ಇತ್ತು, ಅದರ ಬಗ್ಗೆ ಯೋಚಿಸಿದ್ದೇ ಇಲ್ಲ. ಆಮೇಲೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಒಂದು ದಿನ ನೀರೊಳಗೆ ಮುಳುಗಿ ಬಂದೆ. ಮೂರಡಿ ಸಾಲದು ಅನ್ನಿಸಿಬಿಟ್ಟಿತು. ಇಲ್ಲೊಂದು ಮಾತು ಹೇಳಿಬಿಡಬೇಕು: ನಮ್ಮ ಕಡಲಿನ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅಲ್ಲಿಂದ ಒಂದು ಚೂರು ಮುರಿದು ತಂದರೂ ಅಪರಾಧ. ನನ್ನಲ್ಲಿರುವುದು ಒಣ ಬಂಡೆ, ಅದರ ಮೇಲೆ ಇದೇ ಹವ್ಯಾಸದ ಗೆಳೆಯರ ಟ್ಯಾಂಕ್‌ಗಳಲ್ಲಿ ಬೆಳೆದ ತುಂಡುಗಳಿಂದ ಹಬ್ಬಿಸಿದ ಮೃದು ಹವಳಗಳು, ಲೆದರ್, ಮಶ್ರೂಮ್, ಝೋವಾಂತಿಡ್. ಇವು ನೋಡಲು ಸಾಧು. ಆದರೆ ಲೆದರ್ ಹವಳ ಆಗಾಗ ಮೈಮೇಲಿನ ಪೊರೆ ಕಳಚುತ್ತದೆ, ಪಕ್ಕದವರನ್ನು ದೂರವಿಡಲು ನೀರಿಗೆ ವಿಷ ಬಿಡುತ್ತದೆ. ಹಾಗಾಗಿ ಆರಡಿ ಟ್ಯಾಂಕಿಗೆ ಸರಿಯಾದ ಸ್ಕಿಮ್ಮರ್ ಬೇಕೇಬೇಕಿತ್ತು.

ಟ್ಯಾಂಕ್ ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎರಡಡಿ ಎತ್ತರ. ಗುಣಿಸಿದರೆ 30 ಘನ ಅಡಿ, ಅಂದರೆ ಸುಮಾರು 850 ಲೀಟರ್. ಬಂಡೆ, ಮರಳು, ಅಂಚಿನ ಕೆಳಗೆ ಬಿಡುವ ಜಾಗ ಕಳೆದರೆ 720ರ ಹತ್ತಿರ. ಕೆಳಗೆ ಕ್ಯಾಬಿನೆಟ್‌ನಲ್ಲಿ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದುಬಂದು ಪಂಪಿನಲ್ಲಿ ಮತ್ತೆ ಮೇಲೇರುವ, ಸ್ಕಿಮ್ಮರ್ ಕೂರುವ ಗಾಜಿನ ಡಬ್ಬ, ಅದರಲ್ಲಿ ಇನ್ನೊಂದು 120. ಈ ‘ಸಂಪ್’ ಎಂಬ ಪದ ನನ್ನ ಅರ್ಧ ದಿನ ತಿಂದಿತು. ‘ಸಂಪ್‌ಗೆ ಪೈಪ್ ಕೂರಿಸಬೇಕು’ ಅಂತ ಫೋನ್ ಮಾಡಿದ್ದಕ್ಕೆ ಪ್ಲಂಬರ್ ಬಂದವನೇ ಗೇಟಿನ ಹತ್ತಿರ ನೆಲದ ಮುಚ್ಚಳ ಎತ್ತಿ ಒಳಗೆ ಇಣುಕುತ್ತಾ ನಿಂತಿದ್ದ. ಬೆಂಗಳೂರಿನಲ್ಲಿ ಸಂಪ್ ಅಂದರೆ ಕಾವೇರಿ ನೀರು ತುಂಬುವ ಗುಂಡಿ, ಟಿವಿ ಪಕ್ಕದ ಗಾಜಿನ ಡಬ್ಬ ಅಲ್ಲ.

ಒಟ್ಟು 840 ಲೀಟರ್. ಅಂಗಡಿಗೆ ಹೋದೆ, ‘ಸಾವಿರ ಲೀಟರಿನದು ಕೊಡಿ’ ಅಂದೆ. ‘ಡಬಲ್ ತಗೊಳ್ಳಿ ಸರ್, ಸೇಫ್’ ಅಂದರು. ಈ ‘ಡಬಲ್’ ಸಲಹೆ ಎಲ್ಲರ ಬಾಯಲ್ಲೂ ಇದೆ, ಗಾಳಿಸುದ್ದಿಯೇನೂ ಅಲ್ಲ. ಪೆಟ್ಟಿಗೆಯ ಮೇಲಿನ ಲೀಟರ್ ಅಂಕಿಗೆ ಯಾವ ಸಾಮಾನ್ಯ ಮಾನದಂಡವೂ ಇಲ್ಲ, ತಯಾರಕರು ತಮಗೆ ತೋಚಿದಂತೆ ಬರೆಯುತ್ತಾರೆ. ಕೆಲವರು ಮಾತ್ರ ಒಂದೇ ಯಂತ್ರಕ್ಕೆ ಮೂರು ಅಂಕಿ ಕೊಡುತ್ತಾರೆ: ಮೀನು ಕಡಿಮೆಯಿದ್ದರೆ ಇಷ್ಟು, ಸಾಧಾರಣಕ್ಕೆ ಇಷ್ಟು, ದಟ್ಟವಾಗಿದ್ದರೆ ಇಷ್ಟು. ಮೊದಲ ಅಂಕಿಗೂ ಮೂರನೆಯದಕ್ಕೂ ಮೂರು ಪಟ್ಟು ಅಂತರ ಇರುವುದುಂಟು. ಪೆಟ್ಟಿಗೆ ಮೇಲೆ ದಪ್ಪಕ್ಷರದಲ್ಲಿ ಬರುವುದು ಯಾವ ಅಂಕಿ ಅಂತ ಬೇರೆ ಹೇಳಬೇಕಿಲ್ಲ.

ಕೊಳ್ಳುವ ಮುಂಚೆ ಪುಣ್ಯಕ್ಕೆ ಗೆಳೆಯನೊಬ್ಬ ಅಡ್ಡ ಬಂದ. ಅವನು ತನ್ನ ದೊಡ್ಡ ಟ್ಯಾಂಕ್ ಮುಚ್ಚಿದ್ದ, 25 ಸೆಂಟಿಮೀಟರ್ ಅಗಲದ ದೈತ್ಯ ಸ್ಕಿಮ್ಮರ್ ಅಟ್ಟದ ಮೇಲಿತ್ತು. ‘ಒಂದು ತಿಂಗಳು ಓಡಿಸಿ ನೋಡು, ಹಿಡಿಸಿದರೆ ದುಡ್ಡು ಕೊಡು’ ಅಂದ. ಆ ತಿಂಗಳಿನದೇ ಮೊದಲು ಹೇಳಿದ ಹತ್ತೊಂಬತ್ತು ದಿನ.

ಮೊದಲ ವಾರ ನಾನು ಅದನ್ನೇ ಬೈದೆ. ನೀರಿನ ಮಟ್ಟ ಏರಿಸಿದೆ, ಇಳಿಸಿದೆ. ಅಡಿಗೆ ಪ್ಲಾಸ್ಟಿಕ್ ಜಾಲರಿ ಇಟ್ಟು ಎತ್ತರಿಸಿದೆ. ಗಾಳಿ ಎಳೆಯುವ ತೂತಿನಲ್ಲಿ ಉಪ್ಪು ಕಟ್ಟಿದೆಯೇನೋ ಅಂತ ಬಿಸಿನೀರು ಹಾಯಿಸಿದೆ. ಪಂಪ್ ಬಿಚ್ಚಿ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಕಡೆಯುವ ಸೂಜಿಚಕ್ರ ನೋಡಿದೆ, ಹಲ್ಲೊಂದೂ ಮುರಿದಿರಲಿಲ್ಲ. ಹೊರಗಿನ ಗೇಟ್ ವಾಲ್ವ್ ಬಿಗಿ ಮಾಡಿ ನೊರೆಯನ್ನು ಕತ್ತಿಗೆ ತಳ್ಳಿದರೆ ಅಂಚಿನವರೆಗೆ ಬಂದದ್ದು ಬರೀ ಉಪ್ಪುನೀರು, ಬಣ್ಣವೂ ಇಲ್ಲ ವಾಸನೆಯೂ ಇಲ್ಲ. ಯಂತ್ರ ಸರಿಯಾಗೇ ಇತ್ತು. ಅದಕ್ಕೆ ತಿನ್ನಲು ಸಾಕಷ್ಟು ಇರಲಿಲ್ಲ.

ಇದು ತಲೆಗೆ ಹೋದದ್ದು ಕತ್ತನ್ನು ಅಳೆದಾಗ. ನೊರೆ ಕತ್ತು ಹತ್ತಬೇಕಾದರೆ ಗುಳ್ಳೆಗಳ ಮೇಲ್ಭಾಗ ಪೂರ್ತಿ ಜಿಡ್ಡಿನಿಂದ ಮುಚ್ಚಿ ಗಟ್ಟಿಯಾಗಬೇಕು. ಆ ದೈತ್ಯನ ಕತ್ತು 18 ಸೆಂಟಿಮೀಟರ್. ನಾನು ಮೊದಲು ನೋಡಿದ್ದ ಚಿಕ್ಕದರದು 12. ಅಡ್ಡಳತೆಯಲ್ಲಿ ಒಂದೂವರೆ ಪಟ್ಟು ಅನ್ನಿಸುತ್ತದೆ, ವಿಸ್ತೀರ್ಣದಲ್ಲಿ ಎರಡೂಕಾಲು ಪಟ್ಟು. ನನ್ನ ಟ್ಯಾಂಕಿನಲ್ಲಿ ಆಗ ಇದ್ದದ್ದು ಎರಡು ಕ್ಲೌನ್ ಮೀನು, ಒಂದು ಫಾಕ್ಸ್‌ಫೇಸ್, ನಾಲ್ಕು ಕ್ರೋಮಿಸ್. ಆ ಏಳು ಜೀವಗಳ ಕೊಳೆಗೆ ಅಷ್ಟು ಅಗಲದ ನೊರೆಯ ತಟ್ಟೆ ಹರಡಿದರೆ ಅದು ತೆಳುವಾಗಿ ಒಡೆಯದೆ ಇನ್ನೇನು? ಒಂದು ಹಿಡಿ ಹಿಟ್ಟಿನಲ್ಲಿ ಮದುವೆಮನೆ ಹೆಂಚಿನ ತುಂಬ ದೋಸೆ ಹುಯ್ಯಲು ಹೊರಟ ಹಾಗೆ. ವಾರಗಟ್ಟಲೆ ಸುಮ್ಮನಿದ್ದು, ಕೊಳೆ ಸೇರಿದ ಮೇಲೆ ಒಂದು ದಿನ ಕಕ್ಕಿ, ಮತ್ತೆ ಸುಮ್ಮನಾಗುತ್ತದೆ ಅಂತ ಗೆಳೆಯ ಆಮೇಲೆ ಹೇಳಿದ. ಮೊದಲೇ ಹೇಳಬಹುದಿತ್ತು.

ಆಮೇಲೆ ನಾನು ಲೀಟರ್ ಲೆಕ್ಕ ಬಿಟ್ಟು ಊಟದ ಲೆಕ್ಕಕ್ಕೆ ಇಳಿದೆ. ನೀರು ತಾನಾಗಿ ಕೊಳಕಾಗುವುದಿಲ್ಲ, ನಾವು ಹಾಕುವ ಊಟದಿಂದ ಆಗುತ್ತದೆ. ಆಗ ದಿನಕ್ಕೆ ಹೆಪ್ಪುಗಟ್ಟಿಸಿದ ಮೈಸಿಸ್ ಎಂಬ ಪುಟ್ಟ ಸಿಗಡಿಯ ಒಂದು ಕ್ಯೂಬ್ ಹಾಕುತ್ತಿದ್ದೆ. ಮುಂದೆ ಇನ್ನೂ ಐದಾರು ಮೀನು, ಅದರಲ್ಲೊಂದು ಹೊಟ್ಟೆಬಾಕ ಸರ್ಜನ್ ಮೀನು ಬಂದರೆ ದಿನಕ್ಕೆ ಮೂರು ಕ್ಯೂಬ್, ಅರ್ಧ ಹಾಳೆ ನೋರಿ ಎಂಬ ಒಣ ಕಡಲಪಾಚಿ, ಎರಡು ಚಿಟಿಕೆ ಹರಳಿನಂಥ ಒಣ ಊಟ. ಅದಕ್ಕಿಂತ ಹೆಚ್ಚು ನನ್ನ ಯೋಜನೆಯಲ್ಲೇ ಇರಲಿಲ್ಲ. ಅಂದರೆ ನನ್ನದು ‘ಸಾಧಾರಣ’ ಸಾಲು. ಮೂರು ಅಂಕಿ ಕೊಡುವ ತಯಾರಕರ ಪಟ್ಟಿಗಳಲ್ಲಿ ಮಧ್ಯದ ಸಾಲು ಮಾತ್ರ ನೋಡಿದೆ, 20 ಸೆಂಟಿಮೀಟರ್ ಅಗಲದ ದೇಹ ಸಾಕು ಅಂತ ಬಂತು.

ಈ ನಡುವೆ ಓದಿದ್ದೊಂದು ನನ್ನ ಹುಚ್ಚನ್ನು ಇನ್ನಷ್ಟು ಇಳಿಸಿತು. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕೆನ್ ಫೆಲ್ಡ್‌ಮನ್ ತಮ್ಮ ಸಂಗಡಿಗರ ಜೊತೆ 2009ರ ಹೊತ್ತಿಗೆ ಬೇರೆ ಬೇರೆ ಬಗೆಯ ಸ್ಕಿಮ್ಮರ್‌ಗಳನ್ನು ಪಕ್ಕಪಕ್ಕ ಇಟ್ಟು ಅಳೆದಿದ್ದರು. ನೀರಿನಲ್ಲಿದ್ದ ಒಟ್ಟು ಸಾವಯವ ಇಂಗಾಲದಲ್ಲಿ ಶೇ. 20ರಿಂದ 35ರಷ್ಟನ್ನು ತೆಗೆದಲ್ಲಿಗೆ ಅವೆಲ್ಲ ನಿಂತವು. ಉಳಿದದ್ದು ಗುಳ್ಳೆಗೆ ಅಂಟುವ ಜಾತಿಯದೇ ಅಲ್ಲ. ಒಂದಕ್ಕೊಂದು ಇದ್ದ ವ್ಯತ್ಯಾಸವೂ ಜಾಹೀರಾತು ಕೂಗುವಷ್ಟು ಇರಲಿಲ್ಲ. ಎಷ್ಟೇ ದುಬಾರಿಯದನ್ನು ತಂದರೂ ಮೂರರಲ್ಲಿ ಎರಡು ಪಾಲು ಕೆಲಸ ಬಂಡೆಯ ಬ್ಯಾಕ್ಟೀರಿಯಾ, ಇದ್ದಿಲು, ನೀರು ಬದಲಾವಣೆ ಇವುಗಳದ್ದೇ ಅಂತಾದರೆ, ಸ್ಕಿಮ್ಮರ್‌ಗೆ ಸ್ಕೂಟರ್ ದುಡ್ಡು ಯಾಕೆ ಸುರಿಯಬೇಕು? ಉಳಿಸಿದ್ದರಲ್ಲಿ ಒಳ್ಳೆಯ ಆರ್‌ಓ ಘಟಕ ಬಂತು. ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮಂಥವರಿಗೆ ಅದೇ ಹೆಚ್ಚು ಮುಖ್ಯ.

ಇನ್ನು ಜಾಗ. ಇಲ್ಲಿ ತಪ್ಪು ಪೂರ್ತಿ ನನ್ನದೇ. ಕ್ಯಾಬಿನೆಟ್‌ನ ಒಳ ಎತ್ತರ 76 ಸೆಂಟಿಮೀಟರ್. ಗೆಳೆಯನ ದೈತ್ಯ 68. ಸಂಪಿನ ಗಾಜು, ಅಡಿಯ ಮ್ಯಾಟ್ ಸೇರಿ 71, ಆರಾಮಾಗಿ ಕೂತಿತ್ತು. ಆದರೆ ಕಪ್ ತೊಳೆಯಬೇಕಾದರೆ ಅದನ್ನು ನೇರ ಮೇಲಕ್ಕೆ ಎತ್ತಬೇಕು, ಅದಕ್ಕೆ ಇನ್ನೂ 17 ಬೇಕು. ಇದು ಹೊಳೆಯಲೇ ಇಲ್ಲ. ಕಪ್ ಒಣಗಿದ್ದರಿಂದ ತೆಗೆಯುವ ಪ್ರಮೇಯವೂ ಬರಲಿಲ್ಲ ಅನ್ನಿ. ವಾಪಸ್ ಕೊಡುವ ದಿನ ಇಡೀ ದೇಹ ಓರೆ ಮಾಡಿ ಎಳೆಯುವಾಗ ಹಾಲ್ ತುಂಬ ಉಪ್ಪುನೀರು. ಕ್ಯಾಬಿನೆಟ್ ಮಾಡಿದ ಬಡಗಿ ‘ಏನು ಕೂರಿಸ್ತೀರಿ ಅಂತ ಮೊದಲೇ ತಂದು ತೋರಿಸಿ’ ಅಂದಿದ್ದ. ನಾನು ‘ಅದೆಲ್ಲ ಆಮೇಲೆ’ ಅಂದಿದ್ದೆ.

ಎರಡನೆಯ ಸಲ ರಟ್ಟಿನಲ್ಲಿ ಮಾದರಿ ಮಾಡಿಕೊಂಡೆ. ತಯಾರಕರು ಕೊಟ್ಟ ಅಳತೆಗೆ ಸರಿಯಾಗಿ ರಟ್ಟಿನ ಡಬ್ಬ ಕತ್ತರಿಸಿ ಅಂಟಿಸಿ ಸಂಪಿನಲ್ಲಿ ಇಟ್ಟೆ, ಕೈ ಹಾಕಿ ಕಪ್ ತೆಗೆಯುವ ನಾಟಕ ಆಡಿದೆ, ವಾಲ್ವ್ ಯಾವ ಕಡೆಗೆ ಬರುತ್ತದೆ, ಪಂಪ್ ದೇಹದ ಒಳಗೋ ಹೊರಗೋ ಅಂತ ನೋಡಿದೆ. 55ರ ಎತ್ತರ, ತಳದ ಗಾಜು-ಮ್ಯಾಟಿಗೆ 3, ಕಪ್ ಎತ್ತಲು 14. ಒಟ್ಟು 72. ಎರಡು ಬೆರಳು ಜಾಗ ಉಳಿಯಿತು. ಪೇಟೆಯಲ್ಲಿರುವ ನಾಲ್ಕು ಮಾದರಿಗಳು ಈ ರಟ್ಟಿನ ಪರೀಕ್ಷೆಯಲ್ಲೇ ಬಿದ್ದುಹೋದವು.

ಪಂಪಿನ ವಿಷಯದಲ್ಲಿ ಎಸಿಯೋ ಡಿಸಿಯೋ ಅಂತ ಎರಡು ವಾರ ತಲೆ ಕೆಡಿಸಿಕೊಂಡೆ. ನಮ್ಮ ಮನೆಯ ಹಳೆಯ ಇನ್ವರ್ಟರ್ ಸ್ಕ್ವೇರ್ ವೇವ್‌ನದು. ಅದರಲ್ಲಿ ಎಸಿ ಪಂಪ್ ಹಾಕಿದರೆ ಭ್ರಮರದ ಹಾಗೆ ಗುಂಯ್‌ಗುಟ್ಟುತ್ತದೆ, ಬಿಸಿಯಾಗುತ್ತದೆ. ಡಿಸಿಯಲ್ಲಿ ವೇಗ ಏರಿಸಿ ಇಳಿಸಬಹುದು, ಊಟ ಹಾಕುವಾಗ ಹತ್ತು ನಿಮಿಷ ನಿಲ್ಲಿಸುವ ಗುಂಡಿ ಇರುತ್ತದೆ. ನಾನು ನೋಡಿದ ಎಸಿ ಪಂಪ್ 65 ವಾಟ್, ಡಿಸಿ 40. ಹಗಲು ರಾತ್ರಿ ಓಡುವ ಯಂತ್ರ, ತಿಂಗಳಿಗೆ 47 ಯೂನಿಟ್ ಒಂದು ಕಡೆ, 29 ಇನ್ನೊಂದು ಕಡೆ. ಆದರೆ ಡಿಸಿಯ ಕಂಟ್ರೋಲರ್ ಸುಟ್ಟರೆ ಇಡೀ ಸ್ಕಿಮ್ಮರ್ ಕೂತಂತೆ. ಹಾಗಾಗಿ ಅಂಗಡಿಯವರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದರ ಕಂಟ್ರೋಲರ್, ಇದರ ಸೂಜಿಚಕ್ರ, ಇವತ್ತು ನಿಮ್ಮ ಕಪಾಟಿನಲ್ಲಿದೆಯಾ? ‘ತರಿಸಿಕೊಡ್ತೀವಿ ಸರ್’ ಅಂದ ಕಡೆ ನಮಸ್ಕಾರ ಹೇಳಿ ಎದ್ದೆ. ಹಳೆಯ ಪುಟ್ಟ ಸ್ಕಿಮ್ಮರ್‌ನ ಒಂದು ಬೆರಳುದ್ದದ ಚಕ್ರಕ್ಕಾಗಿ ಎರಡು ತಿಂಗಳು ಕಾದವನು ನಾನು.

ಜರ್ಮನಿಯ ಡೆಲ್ಟೆಕ್, ಟುನ್ಜೆ, ನಯೋಸ್, ಸಿಂಗಪುರದ ಸ್ಕಿಮ್ಜ್, ಚೀನಾದಲ್ಲಿ ತಯಾರಾಗುವ ಹಲವು, ಎಲ್ಲವನ್ನೂ ಕಾಗದದ ಮೇಲೆ ತೂಗಿದೆ. ಕೊನೆಗೆ ಕೊಂಡದ್ದು ಯಾವುದು ಅಂತ ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಓದುವವರು ಅಳತೆಪಟ್ಟಿ ಬಿಟ್ಟು ಹೆಸರು ಹಿಡಿದುಕೊಂಡು ಅಂಗಡಿಗೆ ಹೋಗುತ್ತಾರೆ, ಅವರ ಕ್ಯಾಬಿನೆಟ್ ನನ್ನದಲ್ಲ. 20 ಸೆಂಟಿಮೀಟರ್ ದೇಹ, 12ರ ಕತ್ತು, ಡಿಸಿ ಪಂಪ್, ಗಂಟೆಗೆ ಸಾವಿರ ಲೀಟರಿನ ಆಸುಪಾಸು ಗಾಳಿ. ಅಷ್ಟು ಸಾಕು.

ತಂದ ದಿನ ಬಕೆಟ್‌ನಲ್ಲಿ ವಿನೆಗರ್ ಬೆರೆಸಿದ ನೀರು ತುಂಬಿ ಅರ್ಧ ಗಂಟೆ ಓಡಿಸಿ, ಚೆನ್ನಾಗಿ ತೊಳೆದು ಸಂಪಿಗೆ ಇಳಿಸಿದೆ. ಹೊಸ ಅಕ್ರಿಲಿಕ್‌ಗೆ ಕಾರ್ಖಾನೆಯ ಎಣ್ಣೆಪಸೆ ಇರುತ್ತದೆ, ಅದು ಹೋಗುವವರೆಗೆ ನೊರೆ ನಿಲ್ಲುವುದಿಲ್ಲ. ಮೊದಲ ಮೂರು ದಿನ ಏನೂ ಇಲ್ಲ. ನನಗೆ ಎದೆ ಢವಢವ, ಅಮ್ಮನಿಗೆ ನಗು. ನಾಲ್ಕನೆಯ ರಾತ್ರಿ ಕತ್ತಿನ ಒಳಗೋಡೆಗೆ ಹಸಿರುಗಂದು ಗೆರೆಯೊಂದು ಕಂಡಿತು. ಐದನೆಯ ದಿನ ಬೆಳಿಗ್ಗೆ ಕಪ್ಪಿನ ತಳದಲ್ಲಿ ಎರಡು ಬೆರಳು ಡಿಕಾಕ್ಷನ್! ಬಣ್ಣ ಥೇಟ್ ಅದೇ. ವಾಸನೆ ಮಾತ್ರ ಮೂರು ದಿನ ಬಿಸಿಲಿಗಿಟ್ಟ ಮೀನಿನ ಬುಟ್ಟಿಯದು. ನಾನು ಕಪ್ ಹಿಡಿದುಕೊಂಡು ಮನೆಯವರಿಗೆಲ್ಲ ತೋರಿಸಿದೆ. ಯಾರೂ ಹತ್ತಿರ ಬರಲಿಲ್ಲ.

ಅಲ್ಲಿಗೆ ಕಥೆ ಮುಗಿಯುತ್ತದೆ ಅಂದುಕೊಂಡಿದ್ದೆ. ಎಂಟನೆಯ ದಿನ ಕರೆಂಟ್ ಹೋಯಿತು, ಇನ್ವರ್ಟರ್‌ಗೆ ಇನ್ನೂ ಏನನ್ನೂ ಜೋಡಿಸಿರಲಿಲ್ಲ. ಕರೆಂಟ್ ಹೋದಾಗ ಮೇಲಿನ ಟ್ಯಾಂಕಿನಿಂದ ಸುಮಾರು 60 ಲೀಟರ್ ನೀರು ಪೈಪಿನಲ್ಲಿ ಕೆಳಗಿಳಿದು ಸಂಪಿಗೆ ಬರುತ್ತದೆ. ಅದಕ್ಕೆ ಜಾಗ ಬಿಟ್ಟಿದ್ದೆ, ಸಂಪ್ ಉಕ್ಕಲಿಲ್ಲ. ಆದರೆ 120 ಸೆಂಟಿಮೀಟರ್ ಉದ್ದ, 45 ಅಗಲದ ಸಂಪಿನಲ್ಲಿ 60 ಲೀಟರ್ ಅಂದರೆ 11 ಸೆಂಟಿಮೀಟರ್ ಏರಿಕೆ. 22ರಲ್ಲಿ ನಿಂತು ಕೆಲಸ ಮಾಡಬೇಕಾದ ಸ್ಕಿಮ್ಮರ್ ಈಗ 33ರಲ್ಲಿ ಕುತ್ತಿಗೆಮಟ್ಟ ಮುಳುಗಿದೆ. ಕರೆಂಟ್ ವಾಪಸ್ ಬಂದ ಕ್ಷಣವೇ ಅದು ಗಾಳಿ ಎಳೆದು ಬುಸುಬುಸು ಉಕ್ಕಿತು, ಕಪ್ಪಿನಲ್ಲಿದ್ದ ನಾಲ್ಕು ದಿನದ ಡಿಕಾಕ್ಷನ್ ಪೂರ್ತಿ ವಾಪಸ್ ನೀರಿಗೆ. ಮೇಲೆ ಲೆದರ್ ಹವಳ ಮುದುಡಿಕೊಂಡಿತು, ಎರಡು ದಿನ ಕೈ ಚಾಚಲಿಲ್ಲ. ಪರಿಹಾರ ಸರಳ: ಮೇಲಕ್ಕೆ ನೀರೆತ್ತುವ ಪಂಪ್ ಮೊದಲು ಓಡಲಿ, ಸಂಪ್ ಇಳಿದ ಮೇಲೆ, ಹತ್ತು ನಿಮಿಷ ಬಿಟ್ಟು ಸ್ಕಿಮ್ಮರ್ ಶುರುವಾಗಲಿ. ಒಂದು ಟೈಮರ್ ಪ್ಲಗ್‌ನ ಕೆಲಸ.

ಅದಾದ ಮೇಲೆ ಬಂಡೆಗೆ ಹವಳ ಅಂಟಿಸಲು ಎಪಾಕ್ಸಿ ಬಳಸಿದ ದಿನವೂ ಉಕ್ಕಿತು. ಅದು ಎಲ್ಲರಿಗೂ ಆಗುವಂಥದ್ದೇ, ಒಂದು ದಿನ ಆರಿಸಿಟ್ಟರೆ ಸರಿಹೋಗುತ್ತದೆ. ತಿರುಗುಮುರುಗಾಗಿ, ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ಕೈಯನ್ನು ತೊಳೆಯದೆ ಟ್ಯಾಂಕಿಗೆ ಹಾಕಿದ ಭಾನುವಾರ ನೊರೆ ಸಂಜೆಯವರೆಗೆ ನೆಲಕಚ್ಚಿತ್ತು. ಎಣ್ಣೆ ನೊರೆಯ ಶತ್ರು. ಅಡುಗೆಮನೆಯ ಒಗ್ಗರಣೆಯ ಹೊಗೆಯೂ ಇದಕ್ಕೆ ಕಾರಣ ಇರಬಹುದು ಅಂತ ನನಗೊಂದು ಗುಮಾನಿ. ಈ ಗುಮಾನಿಯನ್ನು ಮನೆಯಲ್ಲಿ ಒಂದೇ ಸಲ ಹೇಳಿದ್ದು.

ಗಾಳಿಯ ಕಥೆಯೇ ಬೇರೆ. ಸ್ಕಿಮ್ಮರ್ ಗಂಟೆಗೆ ಸಾವಿರ ಲೀಟರ್ ಗಾಳಿಯನ್ನು ನೀರಿಗೆ ಕಲೆಸುತ್ತದೆ, ಮೀನಿಗೆ ಆಮ್ಲಜನಕ ಬರುವ ದೊಡ್ಡ ದಾರಿಗಳಲ್ಲಿ ಅದೂ ಒಂದು. ಆದರೆ ಕೋಣೆಯ ಗಾಳಿ ಹೇಗಿದೆಯೋ ನೀರೂ ಹಾಗೇ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಆರು ಜನ ಕೂತು ಟಿವಿ ನೋಡಿದರೆ ಕೋಣೆಯ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಅದು ನೀರಿಗಿಳಿದು ಪಿಎಚ್ 7.8ಕ್ಕೆ ಬೀಳುತ್ತಿತ್ತು. ಗಾಳಿಯ ನಳಿಕೆಯನ್ನು ಕಿಟಕಿ ಸಂದಿಯಿಂದ ಹೊರಗೆ ಬಿಟ್ಟೆ, ನಾಲ್ಕು ದಿನದಲ್ಲಿ 8.1 ದಾಟಿತು. ಅಮ್ಮನ ಸಾಂಬ್ರಾಣಿ ಹೊಗೆಯಿಂದಲೂ ಬಿಡುಗಡೆ. ಇಷ್ಟು ಖುಷಿಪಡುತ್ತಿರುವಾಗ ಡೆಂಗೀ ಸೀಸನ್ ಬಂತು, ಬೀದಿಯಲ್ಲಿ ಫಾಗಿಂಗ್ ಯಂತ್ರದ ಸದ್ದು ಬಂತು. ಸೊಳ್ಳೆ ಕೊಲ್ಲುವ ಹೊಗೆ ಸಿಗಡಿ ಜಾತಿಯನ್ನು ಬಿಡುತ್ತದೆಯೇ? ಬಚ್ಚಲಿನಲ್ಲಿದ್ದವನು ಟವೆಲ್‌ನಲ್ಲೇ ಓಡಿಬಂದು ಪ್ಲಗ್ ಕಿತ್ತೆ. ಈಗ ನಳಿಕೆಯ ಬಾಯಿಗೆ ಇದ್ದಿಲು ತುಂಬಿದ ಡಬ್ಬಿ ಇದೆ, ಆದರೂ ಆ ಸದ್ದು ಕೇಳಿದರೆ ಮನೆಯಲ್ಲಿ ಯಾರಿದ್ದರೂ ಮೊದಲು ಪ್ಲಗ್ ಕೀಳುತ್ತಾರೆ. ಆರು ವರ್ಷದ ಮಗಳಿಗೂ ಗೊತ್ತು.

ಗೆಳೆಯನ ದೈತ್ಯ ಅವನ ಅಟ್ಟಕ್ಕೆ ವಾಪಸ್ ಹೋಯಿತು. ಸರ್ಜನ್ ಮೀನು ಬಂದು ಎಂಟು ತಿಂಗಳಾಯಿತು, ಊಟ ಮೂರು ಕ್ಯೂಬ್‌ಗೆ ಏರಿದೆ, ಕಪ್ ನಾಲ್ಕು ದಿನಕ್ಕೊಮ್ಮೆ ತುಂಬುತ್ತದೆ. ಮೊದಮೊದಲು ಅದನ್ನು ಬಚ್ಚಲಿಗೆ ಸುರಿಯುತ್ತಿದ್ದೆ, ವಾಸನೆಗೆ ಮನೆಯವರೆಲ್ಲ ಮೂಗು ಮುಚ್ಚುತ್ತಿದ್ದರು. ಒಂದು ದಿನ ಅಮ್ಮನೇ ಕೈಯಿಂದ ಕಪ್ ಕಸಿದುಕೊಂಡು ಹಿತ್ತಲಿಗೆ ಹೋದಳು. ಕರಿಬೇವಿನ ಗಿಡದ ಕಡೆ ಹೋಗುತ್ತಿದ್ದಾಳೆ ಅಂತ ನಾನು ‘ಅಮ್ಮಾ ಉಪ್ಪು, ಗಿಡ ಸಾಯುತ್ತೆ’ ಅಂತ ಕೂಗಿದೆ. ಅವಳು ತಿರುಗಿಯೂ ನೋಡದೆ ತೆಂಗಿನ ಬುಡಕ್ಕೆ ಸುರಿದು, ‘ಇದಕ್ಕೆ ಉಪ್ಪು ಹಾಕೋದು ನಿಮ್ಮ ತಾತನ ಕಾಲದಿಂದ ಇದೆ, ಮೀನಿನ ಗೊಬ್ಬರ ಬೇರೆ ಪುಕ್ಕಟೆ’ ಅಂತ ಕಪ್ ವಾಪಸ್ ಕೊಟ್ಟಳು. ತೊಳೆಯುವುದು ಮಾತ್ರ ನನ್ನ ಪಾಲಿಗೆ.